ಫೋನಿಗೂ ಬರುತ್ತದೆ ಲೈಬ್ರರಿ ಪುಸ್ತಕ



ಅಕ್ಷರ ಕಲಿತಾಯ್ತು. ಈಗ ಬಸ್ಸಿನ ಬೋರ್ಡು ಓದುತ್ತೀರಿ. ಕುಂದಾಪುರದ ಬಸ್ಸು ಯಾವುದು, ಬೈಂದೂರಿಗೆ ಹೋಗುವುದು ಯಾವುದು, ಬ್ರಹ್ಮಾವರದ್ದು ಯಾವುದು ಎಂದು ಯಾರನ್ನೂ ಕೇಳಬೇಕಾಗಿಲ್ಲ. ಸಂಘದ ಪುಸ್ತಕದಲ್ಲಿ ನಿಮ್ಮ ಹೆಸರಿನ ಮುಂದೆ ಎಷ್ಟು ಉಳಿತಾಯ ಇದೆ ಎಂದು ನೋಡುತ್ತೀರಿ. ಬ್ಯಾಂಕಿನಲ್ಲಿ ಹೆಬ್ಬೆಟ್ಟು ಒತ್ತದೆ ಸಹಿ ಹಾಕುತ್ತೀರಿ. ಸರಿ. ಇನ್ನು ಮುಂದೆ ಎಂತ ಓದುವುದು?

ಇದು ಸಣ್ಣ ಪ್ರಶ್ನೆ ಅಲ್ಲ. ಮೂಲೆಯಲ್ಲಿ ಇಟ್ಟ ಕತ್ತಿಗೆ ತುಕ್ಕು ಹಿಡಿಯುತ್ತದೆ. ನಮ್ಮ ಕಡಲ ಕರೆಯ ಉಪ್ಪು ಗಾಳಿಗೆ ಇನ್ನೂ ಬೇಗ ಹಿಡಿಯುತ್ತದೆ. ಅಕ್ಷರವೂ ಹಾಗೆಯೇ. 1990ರ ಸುಮಾರಿಗೆ ನಮ್ಮಲ್ಲಿ ಸಾಕ್ಷರತಾ ಆಂದೋಲನ ನಡೆಯಿತು. ಆಗ ಉಡುಪಿ ಬೇರೆ ಜಿಲ್ಲೆ ಆಗಿರಲಿಲ್ಲ. ಎಲ್ಲ ಸೇರಿ ದಕ್ಷಿಣ ಕನ್ನಡವೇ. ಲಾಟೀನಿನ ಬೆಳಕಿನಲ್ಲಿ ಕೂತು ಎಷ್ಟೋ ಹೆಂಗಸರು ಓದಲು ಕಲಿತರು. ಅವರಲ್ಲಿ ಓದು ಮುಂದುವರಿಸಿದವರು ಇವತ್ತು ಪೇಪರ್ ಓದುತ್ತಾರೆ. ಕೆಲವರಿಗೆ ಮಾತ್ರ ಸಹಿಯೊಂದೇ ಉಳಿದಿದೆ. "ಆಗ ಓದ್ತಿದ್ದೆ ಮಾರಾಯ್ತಿ, ಈಗ ಮರ್ತೇ ಹೋಯ್ತು" ಎನ್ನುತ್ತಾರೆ. ಅವರ ಬುದ್ಧಿ ಕಡಿಮೆ ಅಂತ ಅಲ್ಲ. ತರಗತಿ ಮುಗಿದ ಮೇಲೆ ಅವರ ಕೈಗೆ ಪುಸ್ತಕವೇ ಬರಲಿಲ್ಲ.

ಪುಸ್ತಕ ಕೊಳ್ಳಲು ದುಡ್ಡು ಬೇಕು. ಒಂದು ಕಾದಂಬರಿಗೆ ಈಗ ಇನ್ನೂರು, ಮುನ್ನೂರು ರೂಪಾಯಿ ಆಗುತ್ತದೆ. ಗೇರುಬೀಜದ ಕಾರ್ಖಾನೆಯಲ್ಲಿ ದುಡಿಯುವವರು, ಬೀಡಿ ಕಟ್ಟುವವರು, ಮೀನು ಮಾರುವವರು ಅಷ್ಟು ಕೊಟ್ಟು ಕೊಳ್ಳುವುದು ಕಷ್ಟವೇ. ಅದಕ್ಕಾಗಿಯೇ ಗ್ರಂಥಾಲಯ ಇರುವುದು. ಎಲ್ಲರೂ ಲೈಬ್ರರಿ ಎನ್ನುತ್ತಾರೆ. ಅಲ್ಲಿ ಪುಸ್ತಕವನ್ನು ಎರವಲು ತರಬಹುದು. ಓದಿ ಹಿಂದೆ ಕೊಡಬೇಕು, ಅಷ್ಟೇ. ಪಕ್ಕದ ಮನೆಯಿಂದ ಕಾಯಿ ತುರಿಯುವ ಮಣೆ ತಂದ ಹಾಗೆ.

ಈಗ ಇನ್ನೊಂದು ದಾರಿಯೂ ತೆರೆದಿದೆ. ಪುಸ್ತಕವೇ ಫೋನಿಗೆ ಬರುತ್ತದೆ. ಅದಕ್ಕೆ ಇ-ಪುಸ್ತಕ ಎನ್ನುತ್ತಾರೆ. ಇದು ಹೇಗೆ, ಎಲ್ಲಿ ಸಿಗುತ್ತದೆ, ನಮಗೆ ಎಷ್ಟು ಉಪಯೋಗ ಎಂದು ನಾವೆಲ್ಲ ಸೇರಿ ನೋಡೋಣ.

ಲೈಬ್ರರಿ ಯಾರದ್ದು?

ಮೊದಲು ಒಂದು ಕೆಲಸ ಮಾಡಿ. ಪಂಚಾಯತಿಗೆ ಮನೆ ತೆರಿಗೆ ಕಟ್ಟಿದ ರಶೀದಿ ಇದೆಯಲ್ಲ, ಅದನ್ನು ಹುಡುಕಿ ತೆಗೆಯಿರಿ. ಈಗ ನಿಮಗೆ ಓದಲು ಬರುತ್ತದೆ. ನಿಧಾನಕ್ಕೆ ಓದಿ. ಮನೆ ತೆರಿಗೆಯ ಜೊತೆಗೆ ಆರೋಗ್ಯ ಕರ, ಶಿಕ್ಷಣ ಕರ, ಭಿಕ್ಷುಕರ ಕರ ಇವೆ. ಹಾಗೆಯೇ ಗ್ರಂಥಾಲಯ ಕರವೂ ಇದೆ. ತೆರಿಗೆ 100 ರೂಪಾಯಿ ಆದರೆ ಗ್ರಂಥಾಲಯಕ್ಕೆ 6 ರೂಪಾಯಿ. ನಿಮ್ಮ ಮನೆ ತೆರಿಗೆ 500 ರೂಪಾಯಿ ಎಂದಿಟ್ಟುಕೊಳ್ಳಿ. ಗ್ರಂಥಾಲಯಕ್ಕೆ ಎಷ್ಟಾಯಿತು? 30 ರೂಪಾಯಿ. ಪೇಟೆಯವರೂ ತಮ್ಮ ತೆರಿಗೆಯ ಜೊತೆ ಇದನ್ನು ಕಟ್ಟುತ್ತಾರೆ. ಕರ್ನಾಟಕದಲ್ಲಿ 1965ರಲ್ಲಿ ಸಾರ್ವಜನಿಕ ಗ್ರಂಥಾಲಯಗಳ ಕಾಯಿದೆ ಬಂತು. ಊರಿನವರು ಕೊಟ್ಟ ಕರದಿಂದ ಊರಿನವರಿಗೆ ಪುಸ್ತಕ ಎನ್ನುವುದು ಅದರ ಏರ್ಪಾಡು.

ಅಂದರೆ ನಾವು ಲೈಬ್ರರಿಗೆ ಹೋಗುವುದು ದಾನ ಕೇಳಲು ಅಲ್ಲ. ದುಡ್ಡು ಮೊದಲೇ ಕೊಟ್ಟಾಗಿದೆ.

ಆದರೂ ನಮ್ಮ ಹೆಂಗಸರು ಅದರ ಮೆಟ್ಟಿಲು ಹತ್ತುವುದು ಕಡಿಮೆ. ಎಂತಕ್ಕೆ? ಹಲವು ಊರುಗಳಲ್ಲಿ ಲೈಬ್ರರಿ ಎಂದರೆ ಗಂಡಸರು ಕೂತು ಪೇಪರ್ ಓದುವ ಜಾಗ ಎಂದು ಆಗಿಬಿಟ್ಟಿದೆ. ಬಾಗಿಲು ತೆರೆದಿರುವ ಹೊತ್ತಿಗೆ ನಮಗೆ ಕೆಲಸ. ನಮಗೆ ಪುರುಸೊತ್ತು ಆಗುವಾಗ ಬಾಗಿಲು ಹಾಕಿರುತ್ತದೆ. ಇದನ್ನು ಗ್ರಾಮಸಭೆಯಲ್ಲಿ ಹೇಳಬಹುದು. 2019ರಲ್ಲಿ ರಾಜ್ಯದ 5,600ಕ್ಕೂ ಹೆಚ್ಚು ಹಳ್ಳಿ ಗ್ರಂಥಾಲಯಗಳನ್ನು ಪಂಚಾಯತ್ ರಾಜ್ ಇಲಾಖೆಗೆ ವಹಿಸಿದರು. ಈಗ ಅವಕ್ಕೆ 'ಅರಿವು ಕೇಂದ್ರ' ಎಂದು ಹೆಸರು. ಆದ್ದರಿಂದ ಹಳ್ಳಿಯ ಲೈಬ್ರರಿಯ ಬಗ್ಗೆ ಕೇಳಬೇಕಾದ್ದು ಪಂಚಾಯತಿಯನ್ನೇ. ದೂರ ಹೋಗಬೇಕಾಗಿಲ್ಲ. "ವಾರದಲ್ಲಿ ಎರಡು ದಿನ ಸಂಜೆ ಹೆಂಗಸರಿಗಾಗಿ ತೆರೆದಿಡಿ" ಎಂದು ಹತ್ತು ಜನ ಸೇರಿ ಕೇಳಿದರೆ ಆಗುವುದಿಲ್ಲ ಎನ್ನುವುದು ಅಷ್ಟು ಸುಲಭ ಅಲ್ಲ.

ಇ-ಪುಸ್ತಕ ಎಂದರೆ ಎಂತದು?

ಕಾಗದದ ಪುಸ್ತಕದಲ್ಲಿ ಏನು ಇರುತ್ತದೋ ಅದೇ ಇದರಲ್ಲಿಯೂ ಇರುತ್ತದೆ. ಅದೇ ಕಥೆ, ಅದೇ ಅಕ್ಷರ. ಕಾಗದದ ಬದಲು ಫೋನಿನ ಪರದೆಯ ಮೇಲೆ ಕಾಣುತ್ತದೆ. ಬೆರಳಿನಿಂದ ಸರಿಸಿದರೆ ಮುಂದಿನ ಪುಟ ಬರುತ್ತದೆ. ಓದಿ ನಿಲ್ಲಿಸಿದ ಜಾಗವನ್ನು ಸಾಮಾನ್ಯವಾಗಿ ಅದೇ ನೆನಪಿಟ್ಟುಕೊಳ್ಳುತ್ತದೆ.

ಇದರಲ್ಲಿ ಎರಡು ಜಾತಿ. ಈ ವ್ಯತ್ಯಾಸ ತಿಳಿಯದೆ ಎಷ್ಟೋ ಜನ "ಫೋನಿನಲ್ಲಿ ಓದಲು ಆಗುವುದಿಲ್ಲ, ಕಣ್ಣು ನೋಯುತ್ತದೆ" ಎಂದು ಬಿಟ್ಟುಬಿಡುತ್ತಾರೆ. ಹಾಗಾಗಿ ಇಲ್ಲಿ ಸ್ವಲ್ಪ ನಿಧಾನಕ್ಕೆ ಓದಿ.

ಮೊದಲನೆಯದು ಪುಟದ ಫೋಟೋ. ಹಳೆಯ ಪುಸ್ತಕದ ಒಂದೊಂದು ಪುಟದ ಚಿತ್ರ ತೆಗೆದು ಜೋಡಿಸಿರುತ್ತಾರೆ. ಇಂಥದು ಬಂದರೆ ಅಕ್ಷರ ಇರುವೆಯಷ್ಟು ಸಣ್ಣ ಕಾಣುತ್ತದೆ. ಎರಡು ಬೆರಳಿಟ್ಟು ಅಗಲ ಮಾಡಿದರೆ ಅಕ್ಷರ ದೊಡ್ಡದಾಗುತ್ತದೆ. ಆದರೆ ಸಾಲಿನ ಅರ್ಧ ಪರದೆಯ ಹೊರಗೆ ಹೋಗುತ್ತದೆ. ಒಂದೊಂದು ಸಾಲಿಗೂ ಪುಟವನ್ನು ಆಚೆ ಈಚೆ ಎಳೆಯಬೇಕು. ಹೊಸದಾಗಿ ಓದುವವರಿಗೆ ಇದು ಬಹಳ ಕಷ್ಟ. ಸಾಲು ತಪ್ಪಿದರೆ ಎಲ್ಲಿದ್ದೆ ಎಂದೇ ಗೊತ್ತಾಗುವುದಿಲ್ಲ. ಇದನ್ನು ಫೋನಿನಲ್ಲಿ ಓದದೆ ಅರಿವು ಕೇಂದ್ರದ ಕಂಪ್ಯೂಟರಿನಲ್ಲಿ ಓದಿ. ಅಲ್ಲಿ ಪರದೆ ದೊಡ್ಡದು.

ಎರಡನೆಯದು ನಿಜವಾದ ಇ-ಪುಸ್ತಕ. ಇದರಲ್ಲಿ ಅಕ್ಷರವನ್ನು ಎಷ್ಟು ಬೇಕಾದರೂ ದೊಡ್ಡದು ಮಾಡಿ. ಸಾಲು ಹೊರಗೆ ಹೋಗುವುದಿಲ್ಲ. ತಾನಾಗಿ ಮುರಿದು ಕೆಳಗಿನ ಸಾಲಿಗೆ ಬರುತ್ತದೆ. ಪುಟದ ಮೇಲೆ ಅಥವಾ ಕೆಳಗೆ 'ಅ' ಅಥವಾ ಇಂಗ್ಲಿಷಿನ 'ಎ' ಅಕ್ಷರ ಸಣ್ಣದೊಂದು, ದೊಡ್ಡದೊಂದು ಇರುತ್ತದೆ. ದೊಡ್ಡದನ್ನು ಒತ್ತಿ. ನಲವತ್ತು ದಾಟಿದವರಿಗೆ ಹತ್ತಿರದ ಅಕ್ಷರ ಮಸುಕಾಗುತ್ತದೆ. ಕನ್ನಡಕ ಇನ್ನೂ ಮಾಡಿಸಿರುವುದಿಲ್ಲ. ಅಂಥವರಿಗೆ ಕಾಗದದ ಪುಸ್ತಕಕ್ಕಿಂತ ಇದೇ ಸಲೀಸು. ಒತ್ತಕ್ಷರ ಸ್ಪಷ್ಟವಾಗಿ ಕಾಣುತ್ತದೆ. 'ಷ್ಟ್ರ', 'ಕ್ಷ್ಮ' ಇಂಥವುಗಳಲ್ಲಿ ಯಾವುದರ ಕೆಳಗೆ ಯಾವುದು ಎಂದು ಬಿಡಿಸಿ ನೋಡಬಹುದು. (ಕನ್ನಡಕ ಮಾಡಿಸುವುದನ್ನು ಮಾತ್ರ ಮುಂದೆ ಹಾಕಬೇಡಿ.)

ಎರವಲು ಎಂದರೆ ಹಿಂದೆ ಕೊಡುವುದು ಹೇಗೆ?

ಇದನ್ನು ನಮ್ಮ ಕೇಂದ್ರಗಳಲ್ಲಿ ಎಲ್ಲರೂ ಕೇಳುತ್ತಾರೆ. ಫೋನಿನೊಳಗೆ ಬಂದದ್ದನ್ನು ಹಿಂದೆ ಕೊಡುವುದು ಹೇಗೆ?

ಒಂದು ಪುಸ್ತಕವನ್ನು ಎಷ್ಟು ಜನರಿಗೆ ಕೊಡಬಹುದು ಎಂದು ಲೈಬ್ರರಿಗೂ ಪ್ರಕಾಶಕರಿಗೂ ಒಪ್ಪಂದ ಇರುತ್ತದೆ. ಅಮೆರಿಕದಂಥ ದೇಶಗಳಲ್ಲಿ ಇದು ಬಹಳ ಬಳಕೆಯಲ್ಲಿದೆ. ಅಲ್ಲಿನ ಊರ ಲೈಬ್ರರಿಗಳು 'ಲಿಬ್ಬಿ' ಎಂಬ ಆ್ಯಪಿನ ಮೂಲಕ ಹೊಸ ಹೊಸ ಕಾದಂಬರಿಗಳನ್ನೂ ಬೇರೆ ಪುಸ್ತಕಗಳನ್ನೂ ಎರವಲು ಕೊಡುತ್ತವೆ. ಸಾಮಾನ್ಯವಾಗಿ ಎರಡು ಮೂರು ವಾರದ ಅವಧಿ. ದಿನ ಮುಗಿದ ಕೂಡಲೇ ಪುಸ್ತಕ ಫೋನಿನಿಂದ ತಾನಾಗಿ ಮುಚ್ಚಿಕೊಳ್ಳುತ್ತದೆ. ಆಮೇಲೆ ಸರದಿಯಲ್ಲಿ ಕಾಯುವ ಮುಂದಿನವರಿಗೆ ಹೋಗುತ್ತದೆ. ತಡ ಆಯಿತು ಎಂದು ದಂಡ ಇಲ್ಲ. ಪುಟ ಹರಿಯಿತು, ಮಗು ಗೀಚಿತು, ಮಳೆಗೆ ನೆನೆಯಿತು ಎಂಬ ಹೆದರಿಕೆಯೂ ಇಲ್ಲ. ನಮ್ಮ ಕಡೆಯ ಮಕ್ಕಳು ಅಲ್ಲಿಗೆ ಹೋಗಿ ನೆಲೆಸಿದ್ದಾರೆ. ಅವರಿಗೆ ಇಂಗ್ಲಿಷ್ ಪುಸ್ತಕ ಬೇಕಾದಷ್ಟು ಸಿಗುತ್ತದೆ. ಕನ್ನಡದ್ದು ಮಾತ್ರ ತೀರಾ ವಿರಳ.

ನಮ್ಮಲ್ಲಿ 2020ರಲ್ಲಿ ಸರ್ಕಾರದ ಸಾರ್ವಜನಿಕ ಗ್ರಂಥಾಲಯ ಇಲಾಖೆ ಡಿಜಿಟಲ್ ಗ್ರಂಥಾಲಯ ಶುರು ಮಾಡಿತು. ಅದಕ್ಕೆ ಒಂದು ಆ್ಯಪನ್ನೂ ತಂದರು. ಸದಸ್ಯರಾಗಲು ದುಡ್ಡು ಇರಲಿಲ್ಲ. ಅದೇ ವರ್ಷ ಕೊರೊನಾ ಬಂತು. ಶಾಲೆಯೂ ಲೈಬ್ರರಿಯೂ ಬಾಗಿಲು ಹಾಕಿದವು. ಆಗ ಎಷ್ಟೋ ಮಕ್ಕಳು ಪಾಠದ ಪುಸ್ತಕಕ್ಕೆ ಇದನ್ನೇ ನೋಡಿದರು. ಅರಿವು ಕೇಂದ್ರಗಳಿಗೂ ಹಲವು ಕಡೆ ಕಂಪ್ಯೂಟರ್ ಬಂದಿವೆ. ಒಂದು ಮಾತು ನೆನಪಿಡಿ. ಆ್ಯಪುಗಳ ಹೆಸರು, ರೂಪ ಬದಲಾಗುತ್ತ ಇರುತ್ತವೆ. ಹಾಗಾಗಿ ಯಾರೋ ಕಳಿಸಿದ ಲಿಂಕು ಒತ್ತಬೇಡಿ. ಅರಿವು ಕೇಂದ್ರದ ಮೇಲ್ವಿಚಾರಕರ ಹತ್ತಿರ ಹೋಗಿ, "ಈಗ ಯಾವುದು ನಡೆಯುತ್ತಿದೆ? ನಮ್ಮ ಫೋನಿಗೆ ಹಾಕಿ ತೋರಿಸಿ" ಎಂದು ಕೇಳಿ.

ಮಕ್ಕಳಿಗೆಂದು ಮಾಡಿದ ಎರಡು ಜಾಗಗಳೂ ಇವೆ. ಒಂದು 'ಸ್ಟೋರಿವೀವರ್'. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಇದನ್ನು ಆರಂಭಿಸಿತು. ಇದರಲ್ಲಿ ಕನ್ನಡದ ಚಿತ್ರಕಥೆಗಳು ಇವೆ. ಹಿಂದೆ ಕೊಡುವ ಗೋಜಿಲ್ಲ, ದುಡ್ಡೂ ಇಲ್ಲ. ಕಥೆಗಳನ್ನು 1ರಿಂದ 4ರವರೆಗೆ ಹಂತ ಮಾಡಿದ್ದಾರೆ. 1ನೇ ಹಂತದಲ್ಲಿ ಪುಟಕ್ಕೆ ಒಂದೆರಡು ಸಾಲು. 4ನೇ ಹಂತಕ್ಕೆ ಬರುವಾಗ ದೊಡ್ಡ ಕಥೆ. ಇನ್ನೊಂದು 'ರಾಷ್ಟ್ರೀಯ ಇ-ಪುಸ್ತಕಾಲಯ'. ಇದು 2024ರಲ್ಲಿ ಶುರುವಾಯಿತು. ನ್ಯಾಷನಲ್ ಬುಕ್ ಟ್ರಸ್ಟ್ ನೋಡಿಕೊಳ್ಳುತ್ತದೆ. ಹಲವು ಭಾರತೀಯ ಭಾಷೆಗಳ ಪುಸ್ತಕ ಇವೆ. "ಮಕ್ಕಳ ಪುಸ್ತಕ ನಮಗೆಂತಕ್ಕೆ" ಎಂದು ನಾಚಿಕೆ ಪಡಬೇಡಿ. ಮೊಮ್ಮಗುವನ್ನು ಮಡಿಲಲ್ಲಿ ಕೂರಿಸಿಕೊಂಡು ಓದಿ ಹೇಳಿ. ಮಗುವಿಗೆ ಕಥೆ ಆಯಿತು, ನಿಮಗೆ ಅಭ್ಯಾಸ ಆಯಿತು.

ಯಾವ ಪುಸ್ತಕ ಓದೂಕೆ ಲಾಯ್ಕ್?

ಲೈಬ್ರರಿಯಲ್ಲಿ ಪುಸ್ತಕಗಳನ್ನು ಎರಡು ದೊಡ್ಡ ಪಾಲು ಮಾಡಬಹುದು. ಒಂದು ಪಾಲು ಕಟ್ಟಿದ ಕಥೆ. ಕಥೆ, ಕಾದಂಬರಿ ಇದರಲ್ಲಿ ಬರುತ್ತವೆ. ಇನ್ನೊಂದು ಪಾಲು ನಡೆದ ಸಂಗತಿ, ತಿಳಿವಳಿಕೆಯ ವಿಷಯ. ಒಬ್ಬರ ಜೀವನ ಚರಿತ್ರೆ, ಆರೋಗ್ಯ, ಕಾನೂನು, ತೋಟಗಾರಿಕೆ, ಅಡುಗೆ ಎಲ್ಲ ಇದರಲ್ಲಿ.

ಮೊದಲು ಕಥೆಯ ಮಾತು. ನಮ್ಮ ಈ ಮೂರು ತಾಲೂಕಿನ ಮಣ್ಣು ಕಥೆಗೆ ಒಳ್ಳೆಯ ಮಣ್ಣು. ಬೈಂದೂರು, ಬ್ರಹ್ಮಾವರ ತಾಲೂಕು ಆದದ್ದು 2018ರಲ್ಲಿ. ಸಾಹಿತ್ಯದಲ್ಲಿ ಈ ಊರುಗಳ ಹೆಸರು ಅದಕ್ಕಿಂತ ಎಷ್ಟೋ ಹಳೆಯದು. ಬ್ರಹ್ಮಾವರ ತಾಲೂಕಿನ ಕೋಟದಲ್ಲಿ 1902ರಲ್ಲಿ ಶಿವರಾಮ ಕಾರಂತರು ಹುಟ್ಟಿದರು. ಬೈಂದೂರು ಕಡೆಯ ಮೊಗೇರಿಯಲ್ಲಿ 1918ರಲ್ಲಿ ಕವಿ ಗೋಪಾಲಕೃಷ್ಣ ಅಡಿಗರು ಹುಟ್ಟಿದರು. ಕುಂದಾಪುರದಲ್ಲಿ 1945ರಲ್ಲಿ ವೈದೇಹಿ ಹುಟ್ಟಿದರು.

ಕಾರಂತರ 'ಮರಳಿ ಮಣ್ಣಿಗೆ' ಎಂಬ ಕಾದಂಬರಿ ಇದೆ. ಬರೆದು 80 ವರ್ಷ ದಾಟಿತು. ಅದರಲ್ಲಿ ಪಾರೋತಿ, ಸರಸೋತಿ, ನಾಗವೇಣಿ ಎಂಬ ಹೆಂಗಸರು ಬರುತ್ತಾರೆ. ಮಳೆ, ಗದ್ದೆ, ಹೊಳೆ, ಕಡಲು ಇವುಗಳ ನಡುವೆ ಅವರು ದುಡಿಯುವುದನ್ನು ಓದಿದರೆ, ಇವರು ನಮ್ಮ ಅಜ್ಜಿಯರೇ ಅಲ್ವಾ ಎನಿಸುತ್ತದೆ. 'ಮೂಕಜ್ಜಿಯ ಕನಸುಗಳು' 1968ರಲ್ಲಿ ಬಂತು. ಅದಕ್ಕೆ 1977ರ ಜ್ಞಾನಪೀಠ ಪ್ರಶಸ್ತಿ ಸಿಕ್ಕಿತು. ಅದರಲ್ಲಿ ಒಬ್ಬ ಮುದುಕಿ, ಸಣ್ಣಂದಿನಲ್ಲೇ ಗಂಡನನ್ನು ಕಳೆದುಕೊಂಡವಳು. ಕೈಗೆ ಒಂದು ಹಳೆಯ ವಸ್ತು ಕೊಟ್ಟರೆ ಅದರ ಹಿಂದಿನ ಕಾಲ ಅವಳ ಕಣ್ಣಿಗೆ ಕಟ್ಟುತ್ತದೆ. ದೇವರ ಬಗ್ಗೆ, ಗಂಡು ಹೆಣ್ಣಿನ ಬಗ್ಗೆ ಅವಳು ಮುಲಾಜಿಲ್ಲದೆ ಮಾತಾಡುತ್ತಾಳೆ. ಎರಡೂ ಮೊದಲ ಓದಿಗೆ ಸ್ವಲ್ಪ ಭಾರ. ಆರು ತಿಂಗಳು ಬೇರೆ ಓದಿ, ಆಮೇಲೆ ಕೈಗೆ ತಗೊಳ್ಳಿ.

ವೈದೇಹಿಯವರ ಸಣ್ಣ ಕಥೆಗಳಿಂದ ಶುರು ಮಾಡಿದರೆ ಒಳ್ಳೆಯದು ಎಂದು ನಮ್ಮ ಅಭಿಪ್ರಾಯ. ಅವರ ಮೊದಲ ಕಥೆಗಳ ಪುಸ್ತಕ 'ಮರ ಗಿಡ ಬಳ್ಳಿ' 1979ರಲ್ಲಿ ಬಂತು. 2009ರಲ್ಲಿ 'ಕ್ರೌಂಚ ಪಕ್ಷಿಗಳು' ಪುಸ್ತಕಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಉಮಾಶ್ರೀ ನಟಿಸಿದ 'ಗುಲಾಬಿ ಟಾಕೀಸ್' ಸಿನಿಮಾ ಅವರ ಕಥೆಯಿಂದಲೇ ಆದದ್ದು. ಅಡುಗೆ ಮನೆ, ಜಗಲಿ, ತವರು, ಮದುವೆ ಮನೆ, ಇವೇ ಅವರ ಕಥೆಯ ಜಾಗ. ಮಾತು ನಮ್ಮ ಕುಂದಾಪ್ರ ಕನ್ನಡ. ಪುಸ್ತಕದ ಕನ್ನಡ ಎಂದರೆ ಬೇರೆಯೇ ಏನೋ ಎಂದು ಹೆದರುವವರು ಒಂದು ಪುಟ ಗಟ್ಟಿಯಾಗಿ ಓದಿ ನೋಡಿ. ನಮ್ಮ ಬಾಯಿಯ ಮಾತೇ ಅಲ್ಲಿ ಅಚ್ಚಾಗಿದೆ.

ಹೊಸ ಕಾಲದವರಲ್ಲಿ ಹಾಸನದ ಬಾನು ಮುಷ್ತಾಕ್ ಇದ್ದಾರೆ. ವಕೀಲೆ. ಮುಸ್ಲಿಂ ಹೆಣ್ಣುಮಕ್ಕಳ ಬದುಕಿನ ಬಗ್ಗೆ ಬರೆದವರು. ಅವರ ಕಥೆಗಳನ್ನು ದೀಪಾ ಭಾಸ್ತಿ ಇಂಗ್ಲಿಷಿಗೆ ಮಾಡಿದರು. ಆ ಪುಸ್ತಕಕ್ಕೆ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂತು. ಕನ್ನಡಕ್ಕೆ ಈ ಪ್ರಶಸ್ತಿ ಬಂದದ್ದು ಅದೇ ಮೊದಲು. ಲಂಡನ್ನಿನಲ್ಲಿ ಚಪ್ಪಾಳೆ ಹೊಡೆದ ಕಥೆಗಳನ್ನು ನಾವು ಅವು ಹುಟ್ಟಿದ ಭಾಷೆಯಲ್ಲೇ ಓದಬಹುದು. ನಿಮ್ಮ ಲೈಬ್ರರಿಯಲ್ಲಿ ಇಲ್ಲದಿದ್ದರೆ ತರಿಸಲು ಹೇಳಿ. ಓದುಗರು ಕೇಳಿದರೆ ತಾನೇ ಅವರಿಗೂ ಗೊತ್ತಾಗುವುದು.

ಇನ್ನು ತಿಳಿವಳಿಕೆಯ ಪುಸ್ತಕ. ಸಕ್ಕರೆ ಕಾಯಿಲೆಗೆ ಊಟ ಹೇಗೆ, ಮಲ್ಲಿಗೆ ಗಿಡಕ್ಕೆ ಗೊಬ್ಬರ ಯಾವಾಗ, ಬ್ಯಾಂಕಿನ ಸಾಲದ ಬಡ್ಡಿ ಲೆಕ್ಕ ಹೇಗೆ ಎಂಬ ಪುಸ್ತಕಗಳು ಇರುತ್ತವೆ. ಕಾನೂನಿನದ್ದನ್ನು ಖಂಡಿತ ಹುಡುಕಿ. 2005ರಲ್ಲಿ ಹಿಂದೂ ಉತ್ತರಾಧಿಕಾರ ಕಾಯಿದೆಗೆ ತಿದ್ದುಪಡಿ ಆಯಿತು. ಹಿರಿಯರಿಂದ ಬಂದ ಆಸ್ತಿಯಲ್ಲಿ ಮಗನಿಗೆ ಇದ್ದಷ್ಟೇ ಹಕ್ಕು ಮಗಳಿಗೂ ಬಂತು. ಅದೇ ವರ್ಷ ಮನೆಯೊಳಗಿನ ಹಿಂಸೆಯ ವಿರುದ್ಧ ಕಾನೂನು ಆಯಿತು. ಇಂಥದನ್ನು ಇನ್ನೊಬ್ಬರ ಬಾಯಿಂದ ಕೇಳುವುದಕ್ಕೂ ನಾವೇ ಓದುವುದಕ್ಕೂ ವ್ಯತ್ಯಾಸ ಇದೆ. ಹೇಳುವವರು ತಮಗೆ ಬೇಕಾದಷ್ಟೇ ಹೇಳಬಹುದು. ಕಾಗದ ಮುಂದಿಟ್ಟು "ಇಲ್ಲಿ ಸಹಿ ಹಾಕು" ಎಂದವರಿಗೆ, "ತಡಿ, ಓದಿ ಹಾಕ್ತೆ" ಎನ್ನಲು ಬಂದರೆ ಎಷ್ಟೋ ಗದ್ದೆ ಮನೆ ಉಳಿಯುತ್ತದೆ.

ಕೆಲವು ಪುಸ್ತಕ ಧರ್ಮಕ್ಕೆ, ಕೆಲವಕ್ಕೆ ದುಡ್ಡು. ಯಾಕೆ?

ನಮ್ಮ ದೇಶದಲ್ಲಿ ಬರೆದವರು ತೀರಿಕೊಂಡು 60 ವರ್ಷ ಆಗುವವರೆಗೆ ಪುಸ್ತಕದ ಹಕ್ಕು ಅವರ ಮನೆಯವರದ್ದು. ಆಮೇಲೆ ಅದು ಎಲ್ಲರದ್ದೂ. ಪಂಜೆ ಮಂಗೇಶರಾಯರು 1937ರಲ್ಲಿ ತೀರಿಕೊಂಡರು. ಅವರ ಮಕ್ಕಳ ಹಾಡು, ಕಥೆಗಳನ್ನು ಈಗ ಯಾರು ಬೇಕಾದರೂ ಅಚ್ಚು ಹಾಕಬಹುದು, ಫೋನಿಗೆ ಹಾಕಬಹುದು. ಕಾರಂತರು ತೀರಿಕೊಂಡದ್ದು 1997ರಲ್ಲಿ. ಅವರ ಪುಸ್ತಕದ ಹಕ್ಕು 2057ರ ಕೊನೆಯವರೆಗೆ ಇರುತ್ತದೆ. ವಾಟ್ಸಾಪಿನಲ್ಲಿ ಹೊಸ ಕಾದಂಬರಿಯ ಫೋಟೋ ಪ್ರತಿ ಸುಮ್ಮನೆ ಬರುತ್ತದಲ್ಲ, ಅದು ಬರೆದವರ ಕೂಲಿಯನ್ನು ಕದ್ದ ಹಾಗೆ. ಕೂಲಿ ಸಿಗದಿದ್ದರೆ ಹೇಗಾಗುತ್ತದೆ ಎಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಕೆಲವು ಎಚ್ಚರಿಕೆ

ಸದಸ್ಯರಾಗುವಾಗ ನಿಮ್ಮ ಫೋನಿಗೆ ಒಂದು ಅಂಕೆ ಬರಬಹುದು. ಓಟಿಪಿ ಎನ್ನುತ್ತಾರೆ. ಅದನ್ನು ನೀವೇ ಒತ್ತಿ. ಫೋನ್ ಮಾಡಿ ಕೇಳಿದವರಿಗೆ ಹೇಳಬೇಡಿ. ಎರವಲು ಪುಸ್ತಕಕ್ಕೆ ನಿಮ್ಮ ಬ್ಯಾಂಕ್ ಖಾತೆಯ ನಂಬರ್ ಬೇಕಾಗಿಲ್ಲ. ಕೇಳಿದರೆ ಅದು ಲೈಬ್ರರಿ ಅಲ್ಲ, ಮೋಸ.

ಘಟ್ಟದ ಬುಡದ ಊರುಗಳಲ್ಲಿ ಸಿಗ್ನಲ್ ಸಿಗುವುದು ಕಷ್ಟ. ಮಳೆಗಾಲದಲ್ಲಿ ಕೇಳುವುದೇ ಬೇಡ. ಪೇಟೆಗೆ ಬಂದಾಗ ಪುಸ್ತಕವನ್ನು ಇಳಿಸಿಕೊಳ್ಳಿ. ಕೆಳಗೆ ಮುಖ ಮಾಡಿದ ಬಾಣದ ಗುರುತು ಒತ್ತಿದರೆ ಇಳಿಯುತ್ತದೆ. ಆಮೇಲೆ ಮನೆಯಲ್ಲಿ ಸಿಗ್ನಲ್ ಇಲ್ಲದೆಯೂ ಓದಬಹುದು. ಅಕ್ಷರ ಮಾತ್ರ ಇರುವ ಪುಸ್ತಕ ಸಿನಿಮಾ ಹಾಡಿನಷ್ಟು ನೆಟ್ಟು ತಿನ್ನುವುದಿಲ್ಲ.

ಫೋನು ಮಗನ ಕೈಯಲ್ಲೋ ಗಂಡನ ಕೈಯಲ್ಲೋ ಇರುವ ಮನೆಗಳೇ ಹೆಚ್ಚು. ರಾತ್ರಿ ಊಟ ಆದ ಮೇಲೆ ಅರ್ಧ ಗಂಟೆ ಅದು ನಿಮಗೆ ಎಂದು ಮೊದಲೇ ಹೇಳಿ ಇಡಿ. ಓದುವಾಗ ವಾಟ್ಸಾಪ್ ಟಿಣ್ ಎನ್ನುತ್ತದೆ. ಅದನ್ನು ನೋಡಲು ಹೋದರೆ ಅರ್ಧ ಗಂಟೆ ಅಲ್ಲೇ ಮುಗಿಯುತ್ತದೆ. ಈ ಕಾರಣಕ್ಕೇ ನಾವು ಹೇಳುವುದು, ಮೊದಲ ಎರಡು ಮೂರು ಪುಸ್ತಕ ಕಾಗದದ್ದೇ ಆಗಲಿ. ಬೆರಳಿಟ್ಟು ಸಾಲು ಹಿಡಿದು ಓದುವ ಅಭ್ಯಾಸ ಗಟ್ಟಿ ಆಗಲಿ. ಆಮೇಲೆ ಫೋನು.

ಹೆಸರು ಒತ್ತಿ ಹುಡುಕಲು ಮೊದಮೊದಲು ಕಷ್ಟ ಆಗುತ್ತದೆ. ಫೋನಿನ ಅಕ್ಷರದ ಮಣೆಯಲ್ಲಿ ಮೈಕಿನ ಚಿತ್ರ ಇರುತ್ತದೆ. ಭಾಷೆ ಕನ್ನಡ ಎಂದು ಒಮ್ಮೆ ಮಾಡಿಸಿಕೊಳ್ಳಿ. ಮೈಕು ಒತ್ತಿ "ವೈದೇಹಿ ಕಥೆಗಳು" ಎಂದು ಹೇಳಿ. ನೀವು ಹೇಳಿದ್ದು ಅಕ್ಷರವಾಗಿ ಮೂಡುತ್ತದೆ. ಸರಿಯಾಗಿ ಮೂಡಿತಾ ಎಂದು ಓದಿ ನೋಡಿ. ತಪ್ಪಾಗಿದ್ದರೆ ಅಳಿಸಿ ಇನ್ನೊಮ್ಮೆ ಹೇಳಿ.